ಕಾಲಲ್ಲಿ ಉಬ್ಬಿದ 'ನರ': ಎಣ್ಣೆ ತಿಕ್ಕುವ ಮೊದಲು

ನಮ್ಮ ಮನೆಗಳಲ್ಲಿ ಉಮ್ಮಂದಿರ ಕಾಲು ನೋವು ಕಾಯಿಲೆಯ ಲೆಕ್ಕದಲ್ಲಿ ಬರುವುದೇ ಇಲ್ಲ. ಶುಗರ್ ಬಂದರೆ ಕಾಯಿಲೆ, ಬಿಪಿ ಬಂದರೆ ಕಾಯಿಲೆ. ಕಾಲು ನೋವು ಮಾತ್ರ 'ಕೆಲಸ ಮಾಡಿ ಬಂದದ್ದು'. ರಾತ್ರಿ ಇಶಾ ಕಳೆದು ಮಲಗುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಮಗಳನ್ನು ಕರೆದು ಸ್ವಲ್ಪ ಎಣ್ಣೆ ತಿಕ್ಕಲು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಮೊಣಕಾಲಿನ ಹಿಂದಿನಿಂದ ಪಾದದ ಗಂಟಿನ ತನಕ ಸುತ್ತಿ ಸುತ್ತಿ ಇಳಿದ ನೀಲಿ ಗಂಟುಗಳು ಆ ಮಗಳ ಕಣ್ಣಿಗೆ ಮಾತ್ರ ಕಾಣುತ್ತವೆ. "ಎಂತ ಉಮ್ಮ ಇದು?" ಅಂತ ಕೇಳಿದರೆ, "ನರ ಉಬ್ಬಿದ್ದು. ನಿನ್ನನ್ನು ಹೆತ್ತಾಗಿನಿಂದ ಉಂಟು" ಎಂಬ ಉತ್ತರ ಬರುತ್ತದೆ.

ಈ ವಾರ ಆ ನೀಲಿ ಗಂಟುಗಳ ಬಗ್ಗೆಯೇ ಬರೆಯುತ್ತಿದ್ದೇವೆ. ಯಾವ ಎಣ್ಣೆ, ಯಾವ ಸೊಪ್ಪು ಅಂತ ವಿಚಾರಿಸುವವರು ನಮ್ಮಲ್ಲಿ ಬಹಳ ಮಂದಿ. ಕಾಲನ್ನು ಡಾಕ್ಟರಿಗೆ ತೋರಿಸುವವರು ಕಡಿಮೆ.

ಮೊದಲು ಹೆಸರು ಸರಿಪಡಿಸಿಕೊಳ್ಳೋಣ. ನಾವು ನರ ಅಂತ ಹೇಳುತ್ತೇವೆ, ಆದರೆ ಅದು ನರ ಅಲ್ಲ, ರಕ್ತನಾಳ. ಡಾಕ್ಟರರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಇದು ಬರೀ ಹೆಸರಿನ ವಿಷಯ ಅಲ್ಲ. 'ನರ' ಎಂದು ಹೇಳಿಕೊಂಡು ಮೆಡಿಕಲ್ ಶಾಪಿಗೆ ಹೋದವರಿಗೆ ನರದ ಬಲಹೀನತೆಗೆ ಕೊಡುವ ವಿಟಮಿನ್ ಮಾತ್ರೆ ಸಿಗುತ್ತದೆ. ತಿಂಗಳುಗಟ್ಟಲೆ ಅದನ್ನೇ ನುಂಗಿದರೂ ಉಬ್ಬಿದ ನಾಳಕ್ಕೆ ಏನೂ ಆಗುವುದಿಲ್ಲ.

ಒಳಗೆ ಆಗುವುದೇನು ಎಂಬುದನ್ನು ಬಾವಿಗೆ ಪಂಪ್ ಇಳಿಸಿದವರಿಗೆ ಬೇಗ ಅರ್ಥ ಮಾಡಿಸಬಹುದು. ಬಾವಿಯ ಪೈಪಿನ ಬುಡದಲ್ಲಿ ಫುಟ್‌ವಾಲ್ವ್ ಇರುತ್ತದೆ. ಮೇಲೆ ಹತ್ತಿದ ನೀರು ಪುನಃ ಕೆಳಗೆ ಇಳಿಯದ ಹಾಗೆ ಅದು ತಡೆಯುತ್ತದೆ. ನಮ್ಮ ಕಾಲಿನ ರಕ್ತನಾಳಗಳಲ್ಲೂ ಅಂಥ ಪುಟ್ಟ ಪುಟ್ಟ ಬಾಗಿಲುಗಳಿವೆ, ಒಂದಲ್ಲ, ಉದ್ದಕ್ಕೂ ಹಲವು. ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ. ಪಾದದಿಂದ ಮೇಲೆ ಹತ್ತಬೇಕಾದರೆ ಯಾರಾದರೂ ದೂಡಬೇಕು. ದೂಡುವ ಕೆಲಸ ಮೀನಖಂಡದ್ದು. ನಡೆಯುವಾಗ ಆ ಸ್ನಾಯು ಹಿಂಡಿ ಬಿಡುತ್ತದೆ, ರಕ್ತ ಒಂದೊಂದೇ ಬಾಗಿಲು ದಾಟಿ ಮೇಲೆ ಹೋಗುತ್ತದೆ. ಅಲುಗಾಡದೆ ನಿಂತಾಗ ಪಾದದ ನಾಳದಲ್ಲಿ ಒತ್ತಡ ಬಿಪಿ ಅಳೆಯುವ ಲೆಕ್ಕದಲ್ಲಿ ಸುಮಾರು 90 ಇರುತ್ತದೆ. ನಾಲ್ಕು ಹೆಜ್ಜೆ ನಡೆದರೆ ಅದೇ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಬಾಗಿಲುಗಳು ಸಡಿಲವಾದರೆ ರಕ್ತ ಹಿಂದೆ ಸೋರಿ ಕೆಳಗೆ ನಿಲ್ಲುತ್ತದೆ. ನಾಳ ಹಿಗ್ಗುತ್ತದೆ, ಬಳುಕುತ್ತದೆ, ಚರ್ಮದಡಿ ಎದ್ದು ಕಾಣುತ್ತದೆ.

ಇನ್ನೊಂದು ಬಗೆ ಇದೆ. ತೊಡೆಯ ಮೇಲೋ ಪಾದದ ಗಂಟಿನ ಬಳಿಯೋ ಜೇಡರ ಬಲೆಯ ಹಾಗೆ ಹರಡಿದ ಕೆಂಪು, ನೇರಳೆ ಗೆರೆಗಳು. ಇವಕ್ಕೆ ಸ್ಪೈಡರ್ ವೇನ್ಸ್ ಎನ್ನುತ್ತಾರೆ. ಇವು ಉಬ್ಬುವುದಿಲ್ಲ, ಹೆಚ್ಚಾಗಿ ಅಪಾಯವೂ ಇಲ್ಲ. ಕಾಲಿನಲ್ಲಿ ಅಷ್ಟೇ ಇದ್ದು ನೋವು, ಬಾವು ಇಲ್ಲದಿದ್ದರೆ ನಿದ್ದೆಗೆಡಬೇಕಾಗಿಲ್ಲ. ಮುಖದ ಮೇಲೆ ಬಂದರೆ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವ ಕ್ರೀಮ್ ಹಚ್ಚುತ್ತಿದ್ದೀರಿ? ಮದುವೆ ನಿಶ್ಚಯವಾದ ಹುಡುಗಿಯರು ಡಾಕ್ಟರ ಚೀಟಿ ಇಲ್ಲದೆ ತಂದು ಹಚ್ಚುವ 'ಬೆಳ್ಳಗಾಗುವ' ಟ್ಯೂಬ್‌ಗಳಲ್ಲಿ ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆನ್ನೆಯ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಅದಕ್ಕೆ ಮನೆಮದ್ದು ಹುಡುಕಬೇಡಿ. ಆ ಟ್ಯೂಬನ್ನೇ ತೆಗೆದುಕೊಂಡು ಚರ್ಮದ ಡಾಕ್ಟರ ಬಳಿ ಹೋಗಿ. ತಟ್ಟನೆ ನಿಲ್ಲಿಸಿದರೂ ಮುಖ ಉರಿ ಏಳುವುದುಂಟು, ಹಾಗಾಗಿ ನಿಲ್ಲಿಸುವ ಕ್ರಮವನ್ನು ಅವರೇ ಹೇಳಲಿ.

ಯಾರಿಗೆ, ಯಾಕೆ?

ಮೊದಲನೆಯದು ವಂಶ. ಉಮ್ಮನಿಗೋ ಬಾಪನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ, ಇಬ್ಬರಿಗೂ ಇದ್ದರೆ ಇನ್ನೂ ಜಾಸ್ತಿ. ವಯಸ್ಸು, ಮೈತೂಕ ಸೇರಿಕೊಳ್ಳುತ್ತವೆ. ಹೆಂಗಸರಲ್ಲಿ ಗರ್ಭ ದೊಡ್ಡ ಕಾರಣ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚು ಕಡಿಮೆ ಅರ್ಧದಷ್ಟು ಏರುತ್ತದೆ, ಹಾರ್ಮೋನು ನಾಳದ ಗೋಡೆಯನ್ನು ಮೆತ್ತಗೆ ಮಾಡುತ್ತದೆ, ಬೆಳೆಯುವ ಗರ್ಭಕೋಶ ಸೊಂಟದ ನಾಳಗಳನ್ನು ಒತ್ತುತ್ತದೆ. ಮೊದಲ ಹೆರಿಗೆಯಲ್ಲಿ ಬಂದದ್ದು ಕೆಲವು ತಿಂಗಳಲ್ಲಿ ಬಹುಪಾಲು ಇಳಿಯುತ್ತದೆ. ಮೂರನೆಯದು, ನಾಲ್ಕನೆಯದು ಆಗುವಾಗ ಇಳಿಯದೆ ಉಳಿಯುತ್ತದೆ. ನಾಲ್ಕೈದು ಹೆತ್ತ ನಮ್ಮ ಹಿರಿಯ ಹೆಂಗಸರ ಕಾಲುಗಳನ್ನು ನೋಡಿದರೆ ಗೊತ್ತಾಗುತ್ತದೆ.

ಮತ್ತೆ ಕೆಲಸ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಬ್ಯಾರಿ ಉಮ್ಮಂದಿರು ಎಷ್ಟು ಮಂದಿ! ಮಡಿಲಲ್ಲಿ ತಡ್ಪೆ ಇಟ್ಟು ಕೂತರೆ ಬ್ರಾಂಚಿಗೆ ಕೊಡುವ ಲೆಕ್ಕ ಮುಗಿಯುವ ತನಕ ಏಳುವಂತಿಲ್ಲ. ಬೆರಳು ಓಡುತ್ತದೆ, ಮೀನಖಂಡ ಮಾತ್ರ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಗಂಡಸರಲ್ಲಿ ಧಕ್ಕೆಯಲ್ಲಿ, ಮೀನು ಮಾರ್ಕೆಟಿನಲ್ಲಿ ನಿಂತು ಕೆಲಸ ಮಾಡುವವರು, ಹೊಟೇಲಿನ ತವಾದ ಮುಂದೆ ನಿಲ್ಲುವವರು, ಗಲ್ಫಿನ ಸೂಪರ್ ಮಾರ್ಕೆಟಿನಲ್ಲಿ ಹತ್ತು ಹನ್ನೆರಡು ಗಂಟೆ ಕೌಂಟರಿನ ಹಿಂದೆ ನಿಲ್ಲುವ ಹುಡುಗರು. ನಿಲ್ಲುವುದೊಂದೇ ರೋಗವನ್ನು ಹುಟ್ಟಿಸುತ್ತದೆ ಎನ್ನಲಾಗದು. ಆದರೆ ವಂಶದಲ್ಲಿ ಇದ್ದವರಿಗೆ ಅದು ಬೇಗ ಹೊರಬರುತ್ತದೆ, ಬಂದದ್ದು ಬೇಗ ಬಲಿಯುತ್ತದೆ. ಕಾಲ ಮೇಲೆ ಕಾಲು ಹಾಕಿ ಕುಳಿತರೆ ಬರುತ್ತದೆ ಎಂಬ ಮಾತಿಗೆ ಮಾತ್ರ ಗಟ್ಟಿ ಆಧಾರ ಇಲ್ಲ.

ಬಾಣಂತಿಯ ನಲವತ್ತು ದಿನ

ಇಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ: ಎಣ್ಣೆ ಹಚ್ಚಿ ಮೀಯಿಸುವುದು, ಒಳ್ಳೆಯ ಊಟ, ಕೆಲಸ ಮಾಡಿಸದೆ ನೋಡಿಕೊಳ್ಳುವುದು. ಆದರೆ ನಲವತ್ತು ದಿನ ಹಾಸಿಗೆ ಬಿಟ್ಟು ಏಳಬಾರದು, ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಟ್ಟೆಗೆ ಬಟ್ಟೆ ಎಷ್ಟು ಬಿಗಿದರೆ ಅಷ್ಟು ಒಳ್ಳೆಯದು ಎಂಬ ಮೂರು ಮಾತುಗಳೂ ಕಾಲಿನ ರಕ್ತನಾಳಕ್ಕೆ ಒಳ್ಳೆಯದಲ್ಲ. ಹೆರಿಗೆಯ ನಂತರದ ಆರು ವಾರ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಬೇರೆ ಸಮಯಕ್ಕಿಂತ ಎಷ್ಟೋ ಪಾಲು ಹೆಚ್ಚು. ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಅಂಥ ಹೊತ್ತಿನಲ್ಲಿ ಮಲಗಿಸಿಯೇ ಇಟ್ಟು, ನೀರನ್ನೂ ಕಡಿಮೆ ಮಾಡುವುದು ಸರಿಯಲ್ಲ. ಹಗಲಲ್ಲಿ ನಾಲ್ಕೈದು ಸಲ ಕೋಣೆಯೊಳಗೇ ನಡೆಯಲಿ, ದಾಹ ಆದಾಗ ನೀರು ಕೊಡಿ, ಹೊಟ್ಟೆಯ ಬಟ್ಟೆಯೊಳಗೆ ಕೈ ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ.

ಬಾಣಂತಿಯ ಒಂದೇ ಕಾಲು ತಟ್ಟನೆ ಬಾತು, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋವು ಎಂದರೆ ಅದು ವಾಯು ಅಲ್ಲ, ತಿಕ್ಕಿ ಸರಿಮಾಡುವ ನೋವೂ ಅಲ್ಲ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಉಸಿರಿಗೆ ಕಷ್ಟ, ಎದೆನೋವು ಬರುತ್ತದೆ, ಜೀವಕ್ಕೇ ಅಪಾಯ. ಆ ಕಾಲನ್ನು ಮಾತ್ರ ಯಾರೂ ತಿಕ್ಕಬೇಡಿ. ಈ ಮಾತು ಬಾಣಂತಿಗೆ ಮಾತ್ರ ಅಲ್ಲ, ಆಪರೇಷನ್ ಆಗಿ ಮಲಗಿದವರಿಗೂ, ದೂರ ಪ್ರಯಾಣ ಮಾಡಿ ಬಂದವರಿಗೂ ಅನ್ವಯಿಸುತ್ತದೆ. ನಾಲ್ಕು ಗಂಟೆಗಿಂತ ಹೆಚ್ಚು ಕೂತು ಮಾಡುವ ಪ್ರಯಾಣ ಈ ಅಪಾಯವನ್ನು ಹೆಚ್ಚಿಸುತ್ತದೆ. ಉಮ್ರಾದ ವಿಮಾನ ಇರಲಿ, ರಾತ್ರಿಯ ಬೆಂಗಳೂರು ಬಸ್ಸಿರಲಿ, ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ಸಾಧ್ಯವಾದಾಗ ಎದ್ದು ನಾಲ್ಕು ಹೆಜ್ಜೆ ಹಾಕಿ.

ಮನೆಮದ್ದು: ಯಾವುದರಿಂದ ಎಷ್ಟು?

ಉಬ್ಬಿ ಬಳುಕಿದ ನಾಳವನ್ನು ಮಾಯ ಮಾಡುವ ಎಣ್ಣೆ, ಸೊಪ್ಪು, ಕಷಾಯ ಯಾವುದೂ ಇಲ್ಲ. ಸಡಿಲವಾದ ಬಾಗಿಲನ್ನು ಹೊರಗಿನಿಂದ ಹಚ್ಚಿದ್ದು ರಿಪೇರಿ ಮಾಡುವುದಿಲ್ಲ. ಭಾರ, ಸೆಳೆತ, ಬಾವು ಕಡಿಮೆ ಮಾಡುವ ದಾರಿಗಳು ಮಾತ್ರ ಮನೆಯಲ್ಲೇ ಇವೆ, ಅವುಗಳಲ್ಲಿ ಒಳ್ಳೆಯದಕ್ಕೆ ದುಡ್ಡೂ ಬೇಡ.

ಅದು ಕಾಲು ಎತ್ತಿ ಇಡುವುದು. ಚಾಪೆಯ ಮೇಲೆ ಮಲಗಿ, ಎರಡು ಮೂರು ತಲೆದಿಂಬಿನ ಮೇಲೆ ಕಾಲಿಟ್ಟು, ಪಾದ ಎದೆಗಿಂತ ಎತ್ತರ ಇರುವ ಹಾಗೆ ಹದಿನೈದು ನಿಮಿಷ. ದಿನಕ್ಕೆ ಮೂರು ನಾಲ್ಕು ಸಲ. ಸ್ಟೂಲಿನ ಮೇಲೆ ಕಾಲು ಚಾಚಿ ಕೂತರೆ ಸಾಲದು, ಪಾದ ಎದೆಗಿಂತ ಮೇಲೆಯೇ ಇರಬೇಕು. ಎರಡನೆಯದು ನಡಿಗೆ. ಬೀಡಿಗೆ ಕೂತವರು ಅರ್ಧ ಗಂಟೆಗೊಮ್ಮೆ ಪಾದವನ್ನು ಇಪ್ಪತ್ತು ಸಲ ಮೇಲಕ್ಕೂ ಕೆಳಕ್ಕೂ ಮಡಚಿದರೂ ಮೀನಖಂಡದ ಪಂಪ್ ಓಡುತ್ತದೆ, ತಡ್ಪೆ ಕೆಳಗಿಡಬೇಕೆಂದಿಲ್ಲ. ನಿಂತು ಕೆಲಸ ಮಾಡುವವರು ಹಿಮ್ಮಡಿ ಎತ್ತಿ ಇಳಿಸಿದರೆ ಆಯ್ತು. ತೂಕ ಇಳಿಸುವುದು, ಉಪ್ಪಿನಕಾಯಿ, ಒಣಮೀನು ಸ್ವಲ್ಪ ಕಡಿಮೆ ಮಾಡುವುದು ಬಾವಿಗೆ ಒಳ್ಳೆಯದು.

ಬಿಗಿ ಕಾಲುಚೀಲದ ಬಗ್ಗೆ ನಮ್ಮಲ್ಲಿ ತಾತ್ಸಾರ ಇದೆ. ಕಂಪ್ರೆಷನ್ ಸ್ಟಾಕಿಂಗ್ಸ್ ಎಂದು ಮೆಡಿಕಲಿನಲ್ಲಿ ಸಿಗುತ್ತದೆ, ಕಾಲಿನ ಅಳತೆ ತೆಗೆದು ಕೊಳ್ಳಬೇಕು. ಬೆಳಗ್ಗೆ ಕಾಲು ಬಾಯುವ ಮೊದಲು ಹಾಕಿ, ಮಲಗುವಾಗ ತೆಗೆಯುವುದು. ನಮ್ಮ ಹೆಂಗಸರು ಹೇಗೂ ಹೊರಗೆ ಹೋಗುವಾಗ ಕಾಲುಚೀಲ ಹಾಕುವವರೇ, ಇದು ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ. ವುಝೂ ಮಾಡುವಾಗ ತೆಗೆಯಬೇಕಾಗುತ್ತದೆ, ಅದೊಂದು ಕಷ್ಟ ಹೌದು. ಸುಬ್‌ಹಿಯ ನಂತರ ಹಾಕಿ ಲುಹರ್‌ಗೆ ತೆಗೆದರೂ ದಿನದ ಹೆಚ್ಚಿನ ಕೆಲಸದ ಹೊತ್ತು ಕಾಲಿಗೆ ಆಧಾರ ಸಿಕ್ಕಿತು. ಕಾಲಿಗೆ ಬ್ಯಾಂಡೇಜ್ ಕಟ್ಟಿದ್ದರೆ ವುಝೂ ಹೇಗೆ ಎಂಬುದನ್ನು ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿ. ಅದಕ್ಕೆ ದೀನಿನಲ್ಲಿ ದಾರಿ ಇದೆ. ಒಂದು ಎಚ್ಚರಿಕೆ: ಶುಗರ್ ಹಳೆಯದಾಗಿ ಪಾದ ಜೋಮು ಹಿಡಿಯುವವರು, ನಡೆದರೆ ಕಾಲು ಕಟ್ಟಿಕೊಳ್ಳುವವರು ಡಾಕ್ಟರಲ್ಲಿ ಕೇಳದೆ ಬಿಗಿ ಚೀಲ ಹಾಕಬಾರದು. ಪಾದಕ್ಕೆ ಬರುವ ರಕ್ತವೇ ಕಡಿಮೆ ಇದ್ದರೆ ಬಿಗಿತದಿಂದ ಕೆಡುಕಾಗುತ್ತದೆ.

ಸೊಪ್ಪಿನ ಪೈಕಿ ನಮ್ಮ ತೋಟದಲ್ಲೇ ಇರುವ ಒಂದಕ್ಕೆ ಒಳ್ಳೆಯ ಹೆಸರಿದೆ. ಅದು ಒಂದೆಲಗ, ತುಳುವಿನ ತಿಮರೆ. ಅದರಿಂದ ತೆಗೆದ ಸಾರವನ್ನು ಕಾಲಿನ ಬಾವು, ಭಾರ ಇರುವವರಿಗೆ ಕೊಟ್ಟು ನೋಡಿದ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಗುಣ ಕಂಡಿದೆ. ಆದರೆ ಸಾರ ಬೇರೆ, ನಮ್ಮ ತಿಮರೆ ಚಟ್ನಿ ಬೇರೆ. ಚಟ್ನಿ ತಿನ್ನಿ, ರುಚಿ ಉಂಟು, ಕೆಡುಕಿಲ್ಲ. ಅದೇ ಮದ್ದು ಎಂದು ಕೂತುಕೊಳ್ಳಬೇಡಿ. ರಜೆಗೆ ಬರುವಾಗ ಮಕ್ಕಳು ಗಲ್ಫಿನಿಂದ ತರುವ ಹಾರ್ಸ್ ಚೆಸ್ಟ್‌ನಟ್ ಮಾತ್ರೆಗೆ ಇದಕ್ಕಿಂತ ಗಟ್ಟಿ ಆಧಾರ ಇದೆ. ಶುದ್ಧಮಾಡಿದ ಅದರ ಬೀಜದ ಸಾರ ಕೆಲವು ವಾರಗಳ ಮಟ್ಟಿಗೆ ಕಾಲು ನೋವು, ಬಾವು ತಗ್ಗಿಸುತ್ತದೆ. ಹಸಿ ಬೀಜ ಮಾತ್ರ ವಿಷ. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು, ಬಸುರಿಯರು ಡಾಕ್ಟರಲ್ಲಿ ಕೇಳದೆ ತೆಗೆದುಕೊಳ್ಳಬಾರದು. ಗಡಿಯಾಚೆ ಮಂಜೇಶ್ವರ, ಕಾಸರಗೋಡಿನ ವೈದ್ಯರು ಇದಕ್ಕೆ ಸಹಚರಾದಿ ಕಷಾಯ, ತೈಲ ಕೊಡುವುದುಂಟು. ಬೇಕಾದರೆ ವೈದ್ಯರೇ ನೋಡಿ ಕೊಡಲಿ, ನೀವು ತಿನ್ನುವ ಬಿಪಿ, ಶುಗರ್ ಮಾತ್ರೆಗಳ ಹೆಸರನ್ನೂ ಅವರಿಗೆ ಹೇಳಿ.

ಕರಿಜೀರಿಗೆ ಎಣ್ಣೆ, ಆಲಿವ್ ಎಣ್ಣೆ ನಮಗೆ ಬರೀ ಎಣ್ಣೆಯಲ್ಲ, ಅವುಗಳ ಬಗ್ಗೆ ನಮಗೆ ಗೌರವ ಇದೆ. ಒಣಗಿ ತುರಿಸುವ ಚರ್ಮಕ್ಕೆ ಆಲಿವ್ ಎಣ್ಣೆಯೋ ತೆಂಗಿನೆಣ್ಣೆಯೋ ಹದವಾಗಿ ಸವರಿದರೆ ಚರ್ಮ ಒಡೆಯುವುದಿಲ್ಲ, ಅದು ಒಳ್ಳೆಯದೇ. ಸವರುವುದಾದರೆ ಪಾದದಿಂದ ಮೇಲಕ್ಕೆ, ಮೆತ್ತಗೆ. ಉಬ್ಬಿದ ಗಂಟನ್ನು ಹೆಬ್ಬೆರಳಲ್ಲಿ ಒತ್ತಿ 'ಇಳಿಸುವ' ಕೆಲಸ ಬೇಡ. ಬಿಸಿನೀರಿನ ಚೀಲವೂ ಬೇಡ, ಬಿಸಿಗೆ ನಾಳ ಇನ್ನಷ್ಟು ಹಿಗ್ಗುತ್ತದೆ. ತಣ್ಣೀರು ಹಾಕಿದರೆ ಹಾಯೆನಿಸುತ್ತದೆ. ಆಪಲ್ ಸೈಡರ್ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಸುತ್ತುವ ಹೊಸ ಫ್ಯಾಶನ್‌ನಿಂದ ಚರ್ಮ ಸುಟ್ಟುಕೊಂಡರೆ ಒಂದಕ್ಕೆರಡು ಆಗುತ್ತದೆ.

ಮತ್ತೆ ಹಿಜಾಮ. ಸುನ್ನತ್ ಎಂದು ಮಾಡಿಸಿಕೊಳ್ಳುವವರು ಬೆನ್ನಿಗೆ ಮಾಡಿಸಿಕೊಳ್ಳಲಿ, ನಮ್ಮದೇನೂ ತಕರಾರಿಲ್ಲ. ಆದರೆ ಉಬ್ಬಿದ ನಾಳದ ಮೇಲೆಯೇ ಕಪ್ ಕೂರಿಸಿ ಗೀರುವುದಕ್ಕೆ ಒಪ್ಪಬೇಡಿ. ಅಲ್ಲಿ ಒತ್ತಡದಲ್ಲಿ ನಿಂತ ರಕ್ತ ಇದೆ, ನಿಲ್ಲದೆ ಹರಿಯಬಹುದು, ಗಾಯ ಮಾಯದೆ ಹುಣ್ಣಾಗಬಹುದು. ಹಿಜಾಮ ಬಲ್ಲವರು ತಾವೇ ಆ ಜಾಗ ಬಿಡುತ್ತಾರೆ. ರಕ್ತ ತೆಗೆದರೂ ಬಾಗಿಲು ಸರಿಯಾಗುವುದಿಲ್ಲವಲ್ಲ, ಮರುದಿನ ಪುನಃ ತುಂಬುತ್ತದೆ.

ಅಂದ ಹಾಗೆ, ಕತ್ತರಿ ಹಾಕುವುದೆಂದರೆ ಹೊಸ ಕಾಲದ ಆಸ್ಪತ್ರೆಗಳ ವ್ಯಾಪಾರ ಎನ್ನುವವರಿಗೆ ಒಂದು ಮಾತು. ಸಾವಿರ ವರ್ಷದ ಹಿಂದೆ, ಸ್ಪೇನಿನ ಕೊರ್ಡೋಬಾದ ಬಳಿ ಇದ್ದ ಅಬುಲ್ ಖಾಸಿಂ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಎಂಬ 30 ಭಾಗಗಳ ಗ್ರಂಥದಲ್ಲಿ ಕಾಲಿನ ಉಬ್ಬಿದ ನಾಳವನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರಿಸಿದ್ದಾರೆ. ಅವರು ತೀರಿಕೊಂಡದ್ದು 1013ರಲ್ಲಿ.

ವುಝೂ ಮಾಡುವಾಗ ನೋಡಿ

ದಿನಕ್ಕೆ ಐದು ಸಲ ಪಾದದ ಗಂಟಿನ ತನಕ ತೊಳೆಯುವವರು ನಾವು. ರೋಗ ಬಲಿಯುವ ಗುರುತು ಮೊದಲು ಕಾಣುವುದೂ ಅಲ್ಲೇ, ಒಳಬದಿಯ ಗಂಟಿನ ಸ್ವಲ್ಪ ಮೇಲೆ. ಮೊದಲು ಸಂಜೆ ಹೊತ್ತಿಗೆ ಬಾವು. ಆಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗುತ್ತದೆ, ತುರಿಸುತ್ತದೆ. ಇದನ್ನು ಹುಳಕಡ್ಡಿ ಎಂದು ತಿಳಿದು ಮುಲಾಮು ಹಚ್ಚುತ್ತಾ ವರ್ಷ ಕಳೆಯುವವರಿದ್ದಾರೆ. ತುರಿಸಿದಲ್ಲಿ ಒಂದು ಸಣ್ಣ ಗಾಯ ಆಗುತ್ತದೆ, ಆ ಗಾಯ ಮಾಯುವುದಿಲ್ಲ. ಹಳದಿಪುಡಿ, ಸೊಪ್ಪಿನ ರಸ, ಕಾಫಿಪುಡಿ ಎಲ್ಲ ಮುಗಿದು ಆಸ್ಪತ್ರೆ ಸೇರುವಾಗ ಅದು ಅಂಗೈ ಅಗಲದ ಹುಣ್ಣು. ಶುಗರ್ ಜೊತೆಗಿದ್ದರೆ ಇನ್ನೂ ಕಷ್ಟ. ಎರಡು ವಾರದಲ್ಲಿ ಮಾಯದ ಕಾಲಿನ ಗಾಯವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಉಬ್ಬಿದ ನಾಳ ತಾಗಿ ಒಡೆದರೆ ರಕ್ತ ಚಿಮ್ಮುತ್ತದೆ, ನೋಡಿದವರು ಕಂಗಾಲಾಗುತ್ತಾರೆ. ಕೂರಿಸಬೇಡಿ, ನಿಲ್ಲಿಸಬೇಡಿ. ನೆಲದ ಮೇಲೆ ಮಲಗಿಸಿ, ಕಾಲನ್ನು ಎತ್ತರಕ್ಕೆ ಎತ್ತಿ ಹಿಡಿದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೇಲೆ ಹಗ್ಗ ಬಿಗಿಯಬೇಡಿ. ರಕ್ತ ನಿಲ್ಲುತ್ತದೆ, ನಿಂತ ಮೇಲೆ ಕಾಲು ಎತ್ತಿಟ್ಟುಕೊಂಡೇ ಆಸ್ಪತ್ರೆಗೆ ಹೋಗಿ.

ರಮಝಾನಿನಲ್ಲಿ ಈ ಕಾಲುಗಳ ಪಾಡು ಇನ್ನೊಂದು ಬಗೆ. ಅಸರ್ ಕಳೆದರೆ ಸಮೋಸ ಕರಿಯುವುದು, ಅಕ್ಕಿ ರೊಟ್ಟಿ ಸುಡುವುದು, ಆಮೇಲೆ ಪಾತ್ರೆ, ಆಮೇಲೆ ತರಾವೀಹ್. ಮಗ್ರಿಬ್‌ನಿಂದ ಸಹರಿಯ ತನಕ ನೀರು ಚೆನ್ನಾಗಿ ಕುಡಿಯಿರಿ. ಲುಹರ್ ಆದ ಮೇಲೆ ಕಾಲು ಎತ್ತಿಟ್ಟು ಮಲಗಿ. ಸಮೋಸ ಮಡಚುವುದು, ರೊಟ್ಟಿ ಲಟ್ಟಿಸುವುದು ಕೂತೇ ಆಗಲಿ, ಒಲೆಯ ಮುಂದೆ ಅರ್ಧ ಗಂಟೆ ಮಗನೋ ಬಾಪನೋ ನಿಂತರೆ ಸಮೋಸದ ರುಚಿ ಕೆಡುವುದಿಲ್ಲ. ಸುನ್ನತ್ ನಮಾಝನ್ನು ಕುಳಿತು ನಿರ್ವಹಿಸಲು ರಿಯಾಯಿತಿ ಇರುವುದು ಎಲ್ಲರಿಗೂ ಗೊತ್ತು, ಆದರೂ ಹಟ ಹಿಡಿದು ನಿಲ್ಲುವವರು ಹೆಚ್ಚಾಗಿ ಕಾಲು ಬಾತ ಉಮ್ಮಂದಿರೇ.

ತೋರಿಸುವುದು ಎಲ್ಲಿ?

ಸರ್ಜನ್ ಇರುವ ಯಾವುದೇ ಆಸ್ಪತ್ರೆಯಲ್ಲಿ. ಮಂಗಳೂರಿನವರಿಗೆ ಸರಕಾರಿ ವೆನ್‌ಲಾಕ್ ಇದೆ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಿವೆ. ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಯಾವ ಬಾಗಿಲು ಸೋರುತ್ತದೆ, ಒಳಗಿನ ದೊಡ್ಡ ನಾಳದಲ್ಲಿ ಹೆಪ್ಪು ಇದೆಯೇ ಎಂದು ಗೊತ್ತಾಗುತ್ತದೆ. ನೋವಿಲ್ಲ, ಸೂಜಿ ಇಲ್ಲ, ಬಸುರಿಯ ಹೊಟ್ಟೆಗೆ ಮಾಡುವಂಥದ್ದೇ ಸ್ಕ್ಯಾನ್. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಕೆಲವರಿಗೆ ಕಾಲುಚೀಲ, ಮಾತ್ರೆ ಸಾಕು. ಸಣ್ಣ ನಾಳಗಳಿಗೆ ಇಂಜೆಕ್ಷನ್ ಕೊಟ್ಟು ಮುಚ್ಚುತ್ತಾರೆ. ದೊಡ್ಡದಕ್ಕೆ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಒಳಗಿನಿಂದಲೇ ಮುಚ್ಚುತ್ತಾರೆ, ಹೆಚ್ಚಿನವರು ಅದೇ ದಿನವೋ ಮರುದಿನವೋ ನಡೆದುಕೊಂಡೇ ಮನೆಗೆ ಬರುತ್ತಾರೆ. "ನಾಳ ಮುಚ್ಚಿದರೆ ರಕ್ತ ಹೋಗುವುದು ಎಲ್ಲಿ?" ಎಂಬ ಹೆದರಿಕೆ ಬೇಡ. ಕಾಲಿನ ರಕ್ತದ ಬಹುಪಾಲು ಹೋಗುವುದು ಒಳಗಿನ ದೊಡ್ಡ ನಾಳಗಳಲ್ಲಿ. ಕೆಲವು ವರ್ಷಗಳ ನಂತರ ಬೇರೆ ನಾಳ ಉಬ್ಬುವ ಸಾಧ್ಯತೆ ಮಾತ್ರ ಇದ್ದೇ ಇದೆ, ಅದನ್ನು ಮುಚ್ಚಿಟ್ಟು 'ಪರ್ಮನೆಂಟ್' ಎಂದು ಹೇಳುವವರನ್ನು ನಂಬಬೇಡಿ. ಖರ್ಚಿನ ಬಗ್ಗೆ ಮೊದಲೇ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದೋ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿ.

ನಾಚಿಕೆಯ ವಿಷಯ ಉಳಿಯಿತು. ಗಂಡಸು ಡಾಕ್ಟರ ಮುಂದೆ ಕಾಲು ಹೇಗೆ ತೋರಿಸುವುದು ಎಂದೇ ಹತ್ತು ವರ್ಷ ಕಳೆದವರಿದ್ದಾರೆ. ಚಿಕಿತ್ಸೆಗೆ ಬೇಕಾದಷ್ಟು ಭಾಗ ತೋರಿಸಲು ದೀನ್ ಅಡ್ಡಿ ಮಾಡುವುದಿಲ್ಲ, ಲೇಡಿ ಡಾಕ್ಟರ್ ಸಿಕ್ಕಿದರೆ ಮೊದಲು ಅವರಿಗೇ ತೋರಿಸಿ. ಡಾಪ್ಲರ್‌ಗೆ ತೊಡೆಯ ಸಂದಿನಿಂದ ಪಾದದ ತನಕ ನೋಡಬೇಕಾಗುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿಯೂ ನೋಡುತ್ತಾರೆ. ಹಾಗಾಗಿ ಅಪಾಯಿಂಟ್‌ಮೆಂಟ್ ಮಾಡುವಾಗಲೇ "ಲೇಡಿ ಡಾಕ್ಟರ್ ಯಾವ ದಿನ ಇರ್ತಾರೆ?" ಅಂತ ಫೋನಿನಲ್ಲಿ ಕೇಳಿ, ಸಡಿಲವಾದ ಬಟ್ಟೆ ಹಾಕಿ, ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ತಿನ್ನುವ ಮಾತ್ರೆಗಳ ಚೀಟಿ, ಗಲ್ಫಿನಿಂದ ಬಂದ ಮಾತ್ರೆಯ ಡಬ್ಬಿ ಎರಡೂ ಚೀಲದಲ್ಲಿರಲಿ.